ಆಡೋದು ಬೇರೆ, ಆಟ ನಡೆಸೋದು ಬೇರೆ

ನಮ್ಮ ಟೀಮ್‌ನಲ್ಲಿ ಫಿಲಡೆಲ್ಫಿಯಾದ ಸಹೋದ್ಯೋಗಿ ಒಬ್ಬರಿದ್ದಾರೆ. ಸೋಮವಾರ ಸಂಜೆ ಕಾಲ್ ಶುರುವಾಗೋ ಮುಂಚೆ ಐದು ನಿಮಿಷ ಅವರ ಅಮೆರಿಕನ್ ಫುಟ್‌ಬಾಲ್ ಪುರಾಣ ಇದ್ದೇ ಇರುತ್ತೆ. ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡೋ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಅದು ಬಿಡಿ. ನನ್ನ ಗಮನ ಸೆಳೆದದ್ದು ಇನ್ನೊಂದು ವಿಷಯ. ಅವರು ಗೆದ್ದಾಗ ಹೊಗಳೋದು, ಸೋತಾಗ ಬೈಯೋದು ಹೆಚ್ಚಾಗಿ ಆಟಗಾರರನ್ನಲ್ಲ. ಅಂಗಿ, ಕೋಟು ಹಾಕ್ಕೊಂಡು ಮೇಲಿನ ಗಾಜಿನ ಕೋಣೆಯಲ್ಲಿ ಕೂತಿರೋ ಹೋವಿ ರೋಸ್‌ಮನ್ ಅನ್ನೋ ಒಬ್ಬರನ್ನ. ಅವರು ಈಗಲ್ಸ್ ತಂಡದ ಜನರಲ್ ಮ್ಯಾನೇಜರ್.

ರೋಸ್‌ಮನ್ ಆ ಆಟ ವೃತ್ತಿಪರವಾಗಿ ಆಡಿದವರೇ ಅಲ್ಲ, ಓದಿದ್ದು ಕಾನೂನು. ಓದುವಾಗಲೇ ಕೆಲಸ ಕೊಡಿ ಅಂತ ತಂಡಗಳಿಗೆ ಪತ್ರದ ಮೇಲೆ ಪತ್ರ ಬರೆದರಂತೆ. 2000ನೇ ಇಸವಿಯಲ್ಲಿ ಈಗಲ್ಸ್ ಅವರನ್ನ ಇಂಟರ್ನ್ ಆಗಿ ಸೇರಿಸಿಕೊಂಡಿತು. ಹತ್ತು ವರ್ಷದಲ್ಲಿ, ಮೂವತ್ನಾಲ್ಕನೇ ವಯಸ್ಸಿಗೆ, ಅದೇ ತಂಡದ ಜನರಲ್ ಮ್ಯಾನೇಜರ್ ಆದರು. 2015ರಲ್ಲಿ ಆಟಗಾರರ ಆಯ್ಕೆಯ ಅಧಿಕಾರವೆಲ್ಲ ಕೋಚ್ ಕೈಗೆ ಹೋಗಿ ಇವರು ಮೂಲೆಗೆ ಸರಿದರು. ವರ್ಷ ಮುಗಿಯೋ ಹೊತ್ತಿಗೆ ಕೋಚ್ ಮನೆಗೆ ಹೋದರು, ಇವರು ವಾಪಸ್ ಬಂದರು. 2018ರ ಫೆಬ್ರವರಿಯಲ್ಲಿ ತಂಡಕ್ಕೆ ಮೊದಲ ಸೂಪರ್ ಬೌಲ್, 2025ರ ಫೆಬ್ರವರಿಯಲ್ಲಿ ಇನ್ನೊಂದು.

ಇವರ ಕೆಲಸ ಏನು ಅಂತೀರಾ? ಅಲ್ಲಿ 32 ತಂಡಗಳಿವೆ. ಆಟಗಾರರ ಸಂಬಳಕ್ಕೆ ಎಲ್ಲ ತಂಡಕ್ಕೂ ಒಂದೇ ಮಿತಿ, ಅದನ್ನ ಮೀರೋ ಹಾಗಿಲ್ಲ. ಕಾಲೇಜಿಂದ ಬರೋ ಹೊಸ ಹುಡುಗರನ್ನ ವರ್ಷಕ್ಕೊಂದು ಸಲ ಏಳು ಸುತ್ತಿನಲ್ಲಿ ಹಂಚಿಕೊಳ್ತಾರೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ. ಅಂದರೆ ದುಡ್ಡಿದೆ ಅಂತ ಯಾರೂ ಎಲ್ಲರನ್ನೂ ಕೊಳ್ಳೋಕಾಗಲ್ಲ. ಯಾರು ಬೇಕು ಅನ್ನೋದಕ್ಕಿಂತ ಯಾರನ್ನ ಬಿಡಬೇಕು ಅನ್ನೋದೇ ಕಷ್ಟದ ಪ್ರಶ್ನೆ. ಮನೆ ನಡೆಸೋರಿಗೆ ಇದು ಹೊಸದೇನಲ್ಲ. ಬರೋ ಸಂಬಳ ಇಷ್ಟೇ. ಬಾಡಿಗೆ, ಸ್ಕೂಲ್ ಫೀಸು, ಅಪ್ಪನ ಮಾತ್ರೆ ಎಲ್ಲ ಅದರಲ್ಲೇ ಆಗಬೇಕು. ಆ ಲೆಕ್ಕವನ್ನೇ ಇವರು ಸಾವಿರಾರು ಕೋಟಿಯಲ್ಲಿ ಮಾಡ್ತಾರೆ, ಲಕ್ಷಾಂತರ ಜನ ನೋಡ್ತಾ ಇರ್ತಾರೆ.

ಸರಿ, ನಮ್ಮಲ್ಲಿ ಈ ಕೆಲಸ ಮಾಡೋರು ಯಾರು? ಆ ಕುರ್ಚಿಗೆ ದಾರಿ ಯಾವುದು? ಈ ಪ್ರಶ್ನೆ ಹಿಡ್ಕೊಂಡು ಹೊರಟರೆ ನಮ್ಮ ಬೆಂಗಳೂರಿನಲ್ಲೇ ಒಳ್ಳೆ ಕಥೆಗಳು ಸಿಗುತ್ತವೆ.

ಕಬ್ಬನ್ ಪಾರ್ಕ್ ಪಕ್ಕದ ಸ್ಟೇಡಿಯಂ ಹೆಸರು ಎಲ್ಲರ ಬಾಯಲ್ಲೂ ಇದೆ. ಆ ಚಿನ್ನಸ್ವಾಮಿ ಯಾರು ಅಂತ ಕೇಳಿದರೆ ನನ್ನ ವಯಸ್ಸಿನ ಅರ್ಧ ಜನ "ಹಳೇ ಕಾಲದ ಆಟಗಾರ ಇರಬೇಕು" ಅಂತಾರೆ. ಎಂ. ಚಿನ್ನಸ್ವಾಮಿ ಮಂಡ್ಯದವರು, 1900ರಲ್ಲಿ ಹುಟ್ಟಿದವರು, ವೃತ್ತಿಯಲ್ಲಿ ವಕೀಲರು. ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾಗಿ ಸುಮಾರು ಕಾಲು ಶತಮಾನ ದುಡಿದರು. 1977ರಿಂದ 1980ರವರೆಗೆ ಬಿಸಿಸಿಐ ಅಧ್ಯಕ್ಷರಾಗಿದ್ದರು. 1970ರಲ್ಲಿ ಸ್ಟೇಡಿಯಂಗೆ ಶಂಕುಸ್ಥಾಪನೆ ಆಯ್ತು, 1974ರ ನವೆಂಬರ್‌ನಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆಯಿತು. ವಿವ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಮೊದಲ ಟೆಸ್ಟ್ ಆಡಿದ್ದು ಆ ಪಂದ್ಯದಲ್ಲೇ. ಒಂದೂ ಟೆಸ್ಟ್ ಆಡದ ವಕೀಲರೊಬ್ಬರ ಹೆಸರು ಆ ಮೈದಾನಕ್ಕೆ ಇದೆ. ಬ್ಯಾಟ್ ಹಿಡಿಯದೆಯೂ ಆಟಕ್ಕೆ ಇಷ್ಟು ಕೊಡಬಹುದು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಚಿನ್ನಸ್ವಾಮಿ ಹೋದ ದಾರಿ ಸಂಘದ ದಾರಿ. ಅಲ್ಲಿ ಸದಸ್ಯರು, ಕ್ಲಬ್‌ಗಳು ವೋಟು ಹಾಕಿ ಆರಿಸ್ತಾರೆ. ಸಂಬಳ ಇಲ್ಲ, ಗೌರವ ಹುದ್ದೆ. 2008ರಲ್ಲಿ ಐಪಿಎಲ್ ಬಂದ ಮೇಲೆ ಎರಡನೇ ಬಾಗಿಲು ತೆರೆಯಿತು. ಅದು ಕಂಪನಿಯ ದಾರಿ: ಮಾಲೀಕರು ನೇಮಿಸ್ತಾರೆ, ಸಂಬಳ ಕೊಡ್ತಾರೆ, ಬೇಡ ಅನಿಸಿದರೆ ತೆಗೀತಾರೆ. ಮೊದಲ ಸೀಸನ್ನಿನಲ್ಲೇ ಆರ್‌ಸಿಬಿ ಅದರ ರುಚಿ ತೋರಿಸಿತು. ತಂಡ ಸೋಲ್ತಾ ಹೋಯ್ತು, ಸೀಸನ್ ಮಧ್ಯದಲ್ಲೇ ಸಿಇಒ ಚಾರು ಶರ್ಮಾ ಹುದ್ದೆ ಕಳೆದುಕೊಂಡರು. ಆ ಜಾಗಕ್ಕೆ ಬಂದವರು ಬ್ರಿಜೇಶ್ ಪಟೇಲ್: 21 ಟೆಸ್ಟ್ ಆಡಿದವರು, ರಾಜ್ಯ ಸಂಸ್ಥೆಯಲ್ಲಿ ಕಾರ್ಯದರ್ಶಿಯಾಗಿ ಪಳಗಿದವರು, ಮುಂದೆ 2019ರಲ್ಲಿ ಐಪಿಎಲ್‌ಗೇ ಅಧ್ಯಕ್ಷರಾದವರು.

ಆದರೆ ಎರಡೂ ದಾರಿಯಲ್ಲಿ ನಡೆದು, ಎರಡರ ಕಲ್ಲುಮುಳ್ಳೂ ತುಳಿದವರು ಅಂದರೆ ನನಗೆ ಮೊದಲು ನೆನಪಾಗೋದು ಅನಿಲ್ ಕುಂಬ್ಳೆ.

ಮನೆತನದ ಹೆಸರಿನ ಊರು ಕಾಸರಗೋಡಿನ ಕುಂಬಳೆ. ಓದಿದ್ದು, ಬೆಳೆದದ್ದು ನಮ್ಮ ದಕ್ಷಿಣ ಬೆಂಗಳೂರಿನ ಕಡೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು, ನ್ಯಾಷನಲ್ ಕಾಲೇಜು, ಆಮೇಲೆ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ವಯಸ್ಸು 19, ಇನ್ನೂ ಡಿಗ್ರಿ ಮುಗಿದಿರಲಿಲ್ಲ. ವಾಪಸ್ ಬಂದು ಓದು ಮುಗಿಸಿದರು. ನಮ್ಮಂಥ ಎಂಜಿನಿಯರುಗಳ ಮನೆಗಳಲ್ಲಿ "ನೋಡು, ಕುಂಬ್ಳೆನೂ ಡಿಗ್ರಿ ಬಿಡಲಿಲ್ಲ" ಅಂತ ಅಪ್ಪಂದಿರು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. 619 ಟೆಸ್ಟ್ ವಿಕೆಟ್, ದೆಹಲಿಯ ಹತ್ತಕ್ಕೆ ಹತ್ತು, ಆಂಟಿಗಾದಲ್ಲಿ ದವಡೆಗೆ ಬ್ಯಾಂಡೇಜು, ಇದೆಲ್ಲ ನಿಮಗೆ ಗೊತ್ತಿರೋದೇ. ನಾನು ಹೇಳಹೊರಟಿದ್ದು 2008ರ ನವೆಂಬರ್‌ನಲ್ಲಿ ನಿವೃತ್ತಿಯಾದ ಮೇಲಿನ ಕಥೆ.

2010ರ ನವೆಂಬರ್‌ನಲ್ಲಿ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಎದುರಿಗಿದ್ದವರು ಮೈಸೂರು ರಾಜಮನೆತನದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಕುಂಬ್ಳೆ ಗೆದ್ದರು. ಕಾರ್ಯದರ್ಶಿಯಾಗಿ ಜಾವಗಲ್ ಶ್ರೀನಾಥ್, ಉಪಾಧ್ಯಕ್ಷರ ಸಾಲಿನಲ್ಲಿ ವೆಂಕಟೇಶ್ ಪ್ರಸಾದ್. ಒಂದು ಕಾಲದ ಭಾರತದ ಬೌಲಿಂಗ್ ಪಡೆಯೇ ಸಂಸ್ಥೆಯ ಕಚೇರಿಯಲ್ಲಿ ಬಂದು ಕೂತ ಹಾಗಾಯ್ತು. ಶ್ರೀನಾಥ್ ಕೂಡ ಎಂಜಿನಿಯರ್ರೇ, ಮೈಸೂರಿನ ಎಸ್‌ಜೆಸಿಇನಲ್ಲಿ ಇನ್‌ಸ್ಟ್ರುಮೆಂಟೇಶನ್.

ಮೂರು ವರ್ಷ ಇದ್ದರು. 2013ರ ಚುನಾವಣೆಗೆ ಕುಂಬ್ಳೆ, ಶ್ರೀನಾಥ್ ಇಬ್ಬರೂ ನಿಲ್ಲಲಿಲ್ಲ. ಅವರು ಕುರ್ಚಿ ಬಿಟ್ಟು ಎರಡು ತಿಂಗಳು ಕಳೆಯೋದರಲ್ಲಿ, 2014ರ ಫೆಬ್ರವರಿಯಲ್ಲಿ, ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. 1998-99ರ ನಂತರ ಅದೇ ಮೊದಲು. ಮುಂದಿನ ವರ್ಷ ಮತ್ತೊಂದು ಸಲ ಗೆದ್ದಿತು.

ಇದು ಕುಂಬ್ಳೆ ತಂಡದ ಸಾಧನೆ ಅಂತ ನಾನು ಹೇಳಲ್ಲ. ರನ್ ಹೊಡೆದದ್ದು ರಾಹುಲ್, ಕರುಣ್ ನಾಯರ್; ವಿಕೆಟ್ ತೆಗೆದದ್ದು ವಿನಯ್, ಮಿಥುನ್. ಆ ಹುಡುಗರು ಬೆಳೆದದ್ದಕ್ಕೆ ಶಾಲೆ, ಕ್ಲಬ್ಬು, ಕೋಚು, ಅವರಿಗಿಂತ ಹಿಂದಿನ ಆಡಳಿತ ಎಲ್ಲ ಕಾರಣ. ಆದರೆ ಈ ಕೆಲಸದ ಸ್ವಭಾವ ಅದರಲ್ಲಿ ಚೆನ್ನಾಗಿ ಕಾಣುತ್ತೆ. ತೆಂಗಿನ ಸಸಿ ನೆಟ್ಟವರೇ ಎಳನೀರು ಕುಡೀತಾರೆ ಅಂತ ಏನೂ ಇಲ್ಲ. ಬೌಲರ್‌ಗೆ ವಿಕೆಟ್ ಬಿದ್ದ ತಕ್ಷಣ ಚಪ್ಪಾಳೆ ಸಿಗುತ್ತೆ. ಆಡಳಿತ ಮಾಡೋರಿಗೆ ಇವತ್ತು ಹಾಕಿದ ಪಿಚ್‌ನ ಫಲ ಇನ್ನೈದು ವರ್ಷಕ್ಕೆ ಬರುತ್ತೆ, ಅಷ್ಟೊತ್ತಿಗೆ ಅಲ್ಲಿ ಬೇರೆ ಯಾರೋ ಕೂತಿರ್ತಾರೆ. ಸಾಫ್ಟ್‌ವೇರ್‌ನವರಿಗೆ ಇದು ಚೆನ್ನಾಗಿ ಗೊತ್ತು. ಸರ್ವರ್ ಬೀಳದೆ ಇದ್ದ ದಿನ ಯಾರೂ ಫೋನ್ ಮಾಡಿ ಶಹಬ್ಬಾಸ್ ಅನ್ನಲ್ಲ.

ನನಗೆ ಇದಕ್ಕಿಂತ ಇಷ್ಟವಾಗೋದು ಡಿಆರ್‌ಎಸ್ ಕಥೆ. 2008ರಲ್ಲಿ ಶ್ರೀಲಂಕಾದಲ್ಲಿ ಮೊದಲ ಸಲ ಅಂಪೈರ್ ತೀರ್ಪನ್ನ ಪ್ರಶ್ನಿಸೋ ಪದ್ಧತಿಯ ಪ್ರಯೋಗ ಆದಾಗ ಭಾರತದ ನಾಯಕ ಕುಂಬ್ಳೆಯೇ. ನಮ್ಮ ರಿವ್ಯೂಗಳಲ್ಲಿ ಹೆಚ್ಚಿನವು ಹುಸಿಯಾದವು. ಆಮೇಲೆ ಭಾರತ ವರ್ಷಾನುಗಟ್ಟಲೆ ಅದನ್ನ ಬೇಡ ಅಂತಲೇ ಕೂತಿತು. ಅಂಥ ಅನುಭವ ಆದವರು ಆ ವಸ್ತುವಿನ ಕಡೆ ತಿರುಗಿಯೂ ನೋಡಲ್ಲ. 2012ರಲ್ಲಿ ಕುಂಬ್ಳೆ ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾದರು. ಬಾಲ್ ಟ್ರ್ಯಾಕಿಂಗ್ ನಿಜಕ್ಕೂ ಎಷ್ಟು ಸರಿ ಅಂತ ಪರೀಕ್ಷೆ ಮಾಡೋ ಕೆಲಸ ಅಮೆರಿಕದ ಎಂಐಟಿಯಲ್ಲಿ ನಡೆದಾಗ ಅಲ್ಲಿಗೇ ಹೋಗಿ ನೋಡಿ ಬಂದರು. 2016ರಲ್ಲಿ ಭಾರತದ ಕೋಚ್ ಆದರು. ಅದೇ ವರ್ಷದ ಕೊನೆಗೆ ಇಂಗ್ಲೆಂಡ್ ವಿರುದ್ಧದ ಸರಣಿಯಲ್ಲಿ ಭಾರತ ಡಿಆರ್‌ಎಸ್‌ಗೆ ಒಪ್ಪಿತು. ತನಗೆ ಕೈಕೊಟ್ಟ ಯಂತ್ರವನ್ನ ಬೈದು ಸುಮ್ಮನಾಗೋ ಬದಲು, ಅದು ಎಲ್ಲಿ ತಪ್ಪುತ್ತೆ, ಎಷ್ಟು ತಪ್ಪುತ್ತೆ, ಸರಿ ಹೋಗಿದೆಯಾ ಅಂತ ಎಂಟು ವರ್ಷ ಬೆನ್ನುಹತ್ತಿದ ಹಾಗಿತ್ತು. ಮೆಕ್ಯಾನಿಕಲ್ ಓದಿದ್ದು ವ್ಯರ್ಥ ಆಗಲಿಲ್ಲ ಅನ್ನಿ. ಐಸಿಸಿಯ ಆ ಕುರ್ಚಿಯಲ್ಲಿ 2021ರವರೆಗೆ ಒಂಬತ್ತು ವರ್ಷ ಇದ್ದರು. ಕೊರೊನಾ ಸಮಯದಲ್ಲಿ ಚೆಂಡಿಗೆ ಉಗುಳು ಹಚ್ಚಬಾರದು ಅಂತ ಶಿಫಾರಸು ಮಾಡಿದ್ದೂ ಅವರ ಸಮಿತಿಯೇ.

ಹಾಗಂತ ಅವರ ದಾರಿ ಹೂವಿನ ಹಾಸಿಗೆ ಆಗಿರಲಿಲ್ಲ. 2017ರ ಜೂನ್‌ನಲ್ಲಿ, ಚಾಂಪಿಯನ್ಸ್ ಟ್ರೋಫಿ ಫೈನಲ್ ಸೋತ ಎರಡೇ ದಿನಕ್ಕೆ, ಭಾರತದ ಕೋಚ್ ಹುದ್ದೆಗೆ ರಾಜೀನಾಮೆ ಕೊಟ್ಟರು. ತನ್ನ ಕೆಲಸದ ರೀತಿ ನಾಯಕನಿಗೆ ಒಪ್ಪಿಗೆ ಇಲ್ಲ ಅಂತ ತಿಳಿದ ಮೇಲೆ ಮುಂದುವರಿಯೋಕಾಗಲ್ಲ ಅಂತ ಬಹಿರಂಗವಾಗಿ ಬರೆದರು. ಫಲಿತಾಂಶ ಚೆನ್ನಾಗಿದ್ದರೂ ಕುರ್ಚಿ ಉಳಿಯಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಪಂಜಾಬ್ ಐಪಿಎಲ್ ತಂಡದ ಡೈರೆಕ್ಟರ್ ಆಫ್ ಕ್ರಿಕೆಟ್ ಆದರು. ಅಮೆರಿಕದ ಜನರಲ್ ಮ್ಯಾನೇಜರ್ ಕೆಲಸಕ್ಕೆ ತೀರಾ ಹತ್ತಿರದ ಕೆಲಸ ಇದು. ರಾಹುಲ್, ಮಯಾಂಕ್, ಕರುಣ್, ಗೌತಮ್ ಎಲ್ಲ ಆ ತಂಡದಲ್ಲಿದ್ದಾಗ "ಇದು ಪಂಜಾಬೋ ಕರ್ನಾಟಕವೋ" ಅಂತ ಜನ ತಮಾಷೆ ಮಾಡಿದರು. 2020ರಲ್ಲಿ ಆರನೇ ಸ್ಥಾನ, 2021ರಲ್ಲಿ ಆರು, 2022ರಲ್ಲೂ ಆರು. ಒಪ್ಪಂದ ಮುಂದುವರಿಯಲಿಲ್ಲ. 619 ವಿಕೆಟ್‌ಗೆ ಅಲ್ಲಿ ಬೋನಸ್ ಅಂಕ ಇರಲಿಲ್ಲ. ಆಡೋದು ಬೇರೆ, ಆಟ ನಡೆಸೋದು ಬೇರೆ ಅನ್ನೋದನ್ನ ಇದಕ್ಕಿಂತ ಸ್ಪಷ್ಟವಾಗಿ ಹೇಳೋಕೆ ನನಗೆ ಬರಲ್ಲ.

ಉಲ್ಟಾ ಉದಾಹರಣೆಯೂ ನಮ್ಮೂರಲ್ಲೇ ಇದೆ. 2024ರ ನವೆಂಬರ್‌ನ ಹರಾಜು ನೆನಪಿದೆಯಾ? ಪ್ರತಿ ತಂಡಕ್ಕೂ 120 ಕೋಟಿ ಮಿತಿ. ಆರ್‌ಸಿಬಿ ಮೂವರನ್ನ ಉಳಿಸಿಕೊಂಡು 83 ಕೋಟಿ ಇಟ್ಟುಕೊಂಡು ಹೋಗಿತ್ತು. ಊರೆಲ್ಲ ನಮ್ಮ ರಾಹುಲ್‌ನ ವಾಪಸ್ ತನ್ನಿ ಅಂತಿತ್ತು. ತಂಡದವರು ಬಿಟ್ಟುಕೊಟ್ಟರು, ದೆಹಲಿ 14 ಕೋಟಿಗೆ ಎತ್ತಿಕೊಂಡಿತು. ಅವತ್ತು ಜಯನಗರದ ದರ್ಶಿನಿಗಳಲ್ಲಿ ಕಾಫಿ ಹೀರ್ತಾ ಆರ್‌ಸಿಬಿ ಮ್ಯಾನೇಜ್‌ಮೆಂಟಿಗೆ ಬಿದ್ದ ಬೈಗುಳ ಒಂದೆರಡಲ್ಲ. ಮುಂದಿನ ಏಪ್ರಿಲ್‌ನಲ್ಲಿ ಅದೇ ರಾಹುಲ್ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನ ಸೋಲಿಸಿ, ಬ್ಯಾಟಿನಲ್ಲಿ ನೆಲದ ಮೇಲೆ ಗೆರೆ ಎಳೆದು, ಇದು ನನ್ನ ಜಾಗ ಅಂತ ಕುಟ್ಟಿ ತೋರಿಸಿದಾಗ ಬೈಗುಳ ಇನ್ನಷ್ಟು ಹೆಚ್ಚಾಯ್ತು. ಆದರೆ ಆ ದುಡ್ಡಲ್ಲಿ ಅವರು ಹೇಜಲ್‌ವುಡ್, ಭುವನೇಶ್ವರ್, ಸಾಲ್ಟ್, ಜಿತೇಶ್, ಕೃಣಾಲ್ ಅಂತ ಒಂದೊಂದು ಜಾಗಕ್ಕೂ ಹೊಂದೋರನ್ನ ತಂದಿದ್ದರು. 2025ರ ಜೂನ್ 3ರಂದು ಹದಿನೆಂಟು ವರ್ಷದ ಕಾಯುವಿಕೆ ಮುಗಿಯಿತು. ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಕೃಣಾಲ್. ಆ ತಂಡದ ಕ್ರಿಕೆಟ್ ಡೈರೆಕ್ಟರ್ ಮೋ ಬೊಬಾಟ್ ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯಲ್ಲಿ ಕೆಲಸ ಮಾಡಿ ಬಂದವರು, ಒಂದೂ ಅಂತಾರಾಷ್ಟ್ರೀಯ ಪಂದ್ಯ ಆಡಿದವರಲ್ಲ. ಊರಿಗೆ ಊರೇ ಬೇಕು ಅನ್ನುವಾಗ ಬೇಡ ಅನ್ನೋ ಧೈರ್ಯ ಆ ಕೆಲಸಕ್ಕೆ ಬೇಕು.

ಅದರ ಮಾರನೇ ದಿನ ಏನಾಯ್ತು ಅನ್ನೋದನ್ನ ಬಿಟ್ಟು ಈ ವಿಷಯ ಮಾತಾಡೋಕಾಗಲ್ಲ. ಜೂನ್ 4ರಂದು ವಿಜಯೋತ್ಸವಕ್ಕೆ ಅಂತ ಚಿನ್ನಸ್ವಾಮಿ ಗೇಟುಗಳ ಹತ್ತಿರ ಸೇರಿದ ಜನರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ನಮ್ಮ ಕಡೆಯಿಂದಲೂ ಎಷ್ಟೋ ಹುಡುಗರು ಅವತ್ತು ಕೆಂಪು ಜೆರ್ಸಿ ಹಾಕ್ಕೊಂಡು ಮೆಟ್ರೋ ಹತ್ತಿದ್ದರು. ರಾಜ್ಯ ಸಂಸ್ಥೆಯ ಕಾರ್ಯದರ್ಶಿ, ಖಜಾಂಚಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ತಪ್ಪು ಯಾರದು, ಎಷ್ಟು ಅಂತ ತೀರ್ಮಾನ ಮಾಡೋದು ತನಿಖೆ, ಕೋರ್ಟಿನ ಕೆಲಸ. ನಾನು ಇಲ್ಲಿ ಕೂತು ಹೇಳಬಾರದು. ಆದರೆ ಒಂದು ಮಾತು ಹೇಳಬಹುದು. ಯಾವ ಗೇಟು ಎಷ್ಟೊತ್ತಿಗೆ ತೆಗೀಬೇಕು, ಪಾಸು ಯಾರಿಗೆ, ಎಷ್ಟು ಜನ ಬರಬಹುದು, ಪೊಲೀಸರು ಬೇಡ ಅಂದರೆ ಕಾರ್ಯಕ್ರಮ ಮುಂದಕ್ಕೆ ಹಾಕೋರು ಯಾರು, ಇವೆಲ್ಲ ಆಟ ನಡೆಸೋರ ಕೆಲಸ. ಟಿವಿಯಲ್ಲಿ ಕಾಣದ ಕೆಲಸ. ಅದು ಸರಿಯಾಗಿ ಆದ ದಿನ ಮಕ್ಕಳು ಮನೆಗೆ ಬಂದು ಊಟ ಮಾಡ್ತಾರೆ, ಅಷ್ಟೇ. ಆಗದ ದಿನ ಏನಾಗುತ್ತೆ ಅಂತ ನಾವು ನೋಡಿದೆವು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸ್ಥೆಗೆ ಚುನಾವಣೆ ನಡೆದು ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾದರು. 2010ರ ತಂಡದಲ್ಲಿ ಉಪಾಧ್ಯಕ್ಷರಾಗಿ ಮೂರು ವರ್ಷ ಆ ಕಚೇರಿಯ ಒಳಹೊರಗು ಕಂಡವರು. ಒಂದು ಲೆಕ್ಕದಲ್ಲಿ ಇದು ನಮ್ಮಲ್ಲಿರೋ ಏಣಿ: ಮೊದಲು ಆಟಗಾರ, ಆಮೇಲೆ ಸಂಘದಲ್ಲಿ ಸಣ್ಣ ಹುದ್ದೆ, ಆಮೇಲೆ ದೊಡ್ಡ ಹುದ್ದೆ. ಒಳ್ಳೆಯದೇ. ಆದರೆ ಈ ಏಣಿಯ ಮೊದಲ ಮೆಟ್ಟಿಲೇ ಭಾರತಕ್ಕೆ ಆಡಿರಬೇಕು ಅನ್ನೋ ಹಾಗಿದೆ. ಇಲ್ಲಾಂದ್ರೆ ರಾಜಕೀಯ, ದುಡ್ಡು, ಮನೆತನ. ಪತ್ರ ಬರೆದು ಇಂಟರ್ನ್ ಆಗಿ ಒಳಗೆ ಬರೋ ಬಾಗಿಲು ಎಲ್ಲಿದೆ?

ಯಾಕೆ ಕೇಳ್ತಿದ್ದೀನಿ ಅಂದರೆ, ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲೇ ಅಂಥ ಹುಡುಗ ಒಬ್ಬ ಇದ್ದಾನೆ. ವಯಸ್ಸು ಹದಿನಾರು. ಆರು ವರ್ಷ ಕೋಚಿಂಗ್ ಆಯ್ತು, ಆಯ್ಕೆ ಟ್ರಯಲ್ಸ್‌ನಲ್ಲಿ ಎರಡು ಸಲ ಹೆಸರು ಬರಲಿಲ್ಲ. "ಇಷ್ಟು ದಿನ ಬೆಳಿಗ್ಗೆ ಐದಕ್ಕೆದ್ದು ತಿಂಡಿ ಕಟ್ಟಿ ಕಳಿಸಿದ್ದೆಲ್ಲ ದಂಡವಾಯ್ತಲ್ಲಪ್ಪಾ" ಅಂತ ಅವರಮ್ಮ ಲಿಫ್ಟ್ ಹತ್ತಿರ ಸಿಕ್ಕಾಗ ಹೇಳಿದರು. ಆದರೆ ಅವನ ಹತ್ತಿರ ಒಂದು ಎಕ್ಸೆಲ್ ಶೀಟ್ ಇದೆ. ತಮ್ಮ ಕ್ಲಬ್ಬಿನ ಪ್ರತಿ ಮ್ಯಾಚಿನ ಪ್ರತಿ ಬಾಲ್ ಅದರಲ್ಲಿದೆ. ಯಾವ ಬ್ಯಾಟ್ಸ್‌ಮನ್ ಎಡಗೈ ಸ್ಪಿನ್‌ಗೆ ತಡಕಾಡ್ತಾನೆ ಅಂತ ಕೇಳಿ, ಫಿಲ್ಟರ್ ಹಾಕಿ ತೋರಿಸ್ತಾನೆ. ನನ್ನ ಆಫೀಸಿನಲ್ಲಿ ಎಷ್ಟೋ ಜನರ ರಿಪೋರ್ಟಿಗಿಂತ ಅಚ್ಚುಕಟ್ಟು.

ಅವನಿಗೆ ನಾನು ಕುಮಟಾದ ರಘು ಕಥೆ ಹೇಳಿದೆ. ಆಟಗಾರ ಆಗಬೇಕು ಅಂತ ಬರಿಗೈಯಲ್ಲಿ ಊರು ಬಿಟ್ಟು ಹುಬ್ಬಳ್ಳಿಗೆ ಬಂದ ಡಿ. ರಾಘವೇಂದ್ರ, ಅಲ್ಲಿಂದ ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯೊಂದರಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ನ್ಯಾಷನಲ್ ಕ್ರಿಕೆಟ್ ಅಕಾಡೆಮಿಗೆ ಹೋಗಿ, 2011ರಿಂದ ಭಾರತ ತಂಡದ ಜೊತೆ ಇದ್ದಾರೆ. ನೆಟ್ಸ್‌ನಲ್ಲಿ ಅವರ ಥ್ರೋಡೌನ್ ಎದುರಿಸಿ ತಯಾರಾದವರೇ ಕೊಹ್ಲಿ, ರೋಹಿತ್. ಭಾರತಕ್ಕೆ ಆಡದೇನೇ ಭಾರತ ತಂಡದಲ್ಲಿ ಜಾಗ ಮಾಡಿಕೊಂಡವರು. ಹುಡುಗ ಕೇಳಿ ಸುಮ್ಮನಿದ್ದ. ಆಮೇಲೆ, "ಅಣ್ಣ, ಅವರಿಗೆ ಯಾರೋ ಒಬ್ಬರು ಸಿಕ್ಕಿದ್ರು. ಸಿಗದೆ ಇದ್ದೋರು ಏನ್ ಮಾಡ್ತಾರೆ?" ಅಂತ ಕೇಳಿದ.

ಅವನ ಪ್ರಶ್ನೆ ಸರಿಯಾಗೇ ಇದೆ. ರಘು ಅಂಥವರು ಹಠದಿಂದ, ಅದೃಷ್ಟದಿಂದ ಮೇಲೆ ಬಂದವರು, ಏಣಿ ಇದ್ದಿದ್ದಕ್ಕಲ್ಲ. ನಮ್ಮಲ್ಲಿ ಸ್ಕೋರರ್ ಪರೀಕ್ಷೆ ಇದೆ, ಅಂಪೈರ್ ಪರೀಕ್ಷೆ ಇದೆ, ಐಪಿಎಲ್ ತಂಡಗಳಿಗೆ ವಿಡಿಯೋ ಅನಲಿಸ್ಟ್ ಬೇಕು, ಊರೂರು ತಿರುಗಿ ಹುಡುಗರನ್ನ ನೋಡಿ ಬರೋ ಸ್ಕೌಟ್ ಬೇಕು. ಇವೆಲ್ಲ ಬಿಡಿ ಬಿಡಿ ಮೆಟ್ಟಿಲು. ಅಮೆರಿಕದಲ್ಲಿ ಹಳೇ ಮ್ಯಾಚಿನ ವಿಡಿಯೋ ಕತ್ತರಿಸೋ ಹುಡುಗ ಹದಿನೈದು ವರ್ಷಕ್ಕೆ ತಂಡ ಕಟ್ಟೋನಾಗಬಹುದು. ಇಲ್ಲಿ ಅದೇ ಹುಡುಗ ಹದಿನೈದು ವರ್ಷಕ್ಕೂ ವಿಡಿಯೋ ಕತ್ತರಿಸ್ತಾನೇ ಇರ್ತಾನೆ, ಇಲ್ಲಾ ಬಿಟ್ಟು ನಮ್ಮ ಕಂಪನಿಗೆ ಬರ್ತಾನೆ.

ಇನ್ನೊಂದು ಗಂಟು ದುಡ್ಡಿನದು. ಸಂಘದ ಹುದ್ದೆಗೆ ಸಂಬಳ ಇಲ್ಲ. ಹೊಟ್ಟೆಪಾಡಿಗೆ ಬೇರೆ ಏನಾದರೂ ಮಾಡಲೇಬೇಕು, ಮಾಜಿ ಆಟಗಾರನಿಗೆ ಗೊತ್ತಿರೋದು ಕ್ರಿಕೆಟ್ಟೇ. ಅಕಾಡೆಮಿ ಇಟ್ಟರೆ, ಆಟಗಾರರ ವ್ಯವಹಾರ ನೋಡಿಕೊಂಡರೆ, ಕಾಮೆಂಟರಿ ಮಾಡಿದರೆ, ಎರಡು ದೋಣಿ ಮೇಲೆ ಕಾಲು ಅಂತಾರೆ. ಕುಂಬ್ಳೆಯವರ ಕಂಪನಿಯ ಬಗ್ಗೆಯೂ ಆ ದಿನಗಳಲ್ಲಿ ಈ ಪ್ರಶ್ನೆ ಎದ್ದಿತ್ತು. ಲೋಧಾ ಸಮಿತಿಯ ಶಿಫಾರಸುಗಳನ್ನ ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಿದ ಮೇಲೆ ಒಬ್ಬರಿಗೆ ಒಂದೇ ಹುದ್ದೆ, 70 ವರ್ಷದ ಮಿತಿ, ಮಧ್ಯೆ ಬಿಡುವು ಅಂತೆಲ್ಲ ನಿಯಮ ಬಂದವು. ನಿಯಮ ಬೇಕು, ಸಂದೇಹ ಇಲ್ಲ. ಆದರೆ ಪುಕ್ಕಟೆ ದುಡಿ, ಬೇರೆಲ್ಲೂ ದುಡಿಬೇಡ ಅಂದರೆ ಆ ಕುರ್ಚಿಗೆ ಯಾರು ಬರ್ತಾರೆ? ಈಗಾಗಲೇ ದುಡ್ಡಿರೋರು ಮಾತ್ರ.

ಬೋರ್ಡ್ ರೂಮಿನವರು ಈ ಅಂಕಣ ಓದ್ತಾರೆ ಅಂತ ನನಗೇನೂ ಭ್ರಮೆ ಇಲ್ಲ. ಆದರೆ ಅಪ್ಪ ಅಮ್ಮಂದಿರು ಓದ್ತೀರಿ. ಮಗ ಮಗಳು ತಂಡಕ್ಕೆ ಆಯ್ಕೆ ಆಗಲಿಲ್ಲ ಅಂದ ದಿನ ಕಿಟ್ ಬ್ಯಾಗ್ ಅಟ್ಟಕ್ಕೆ ಹಾಕೋ ಮುಂಚೆ ಒಂದು ಸಲ ಕೇಳಿ: ನಿನಗೆ ಆಡೋದು ಇಷ್ಟವೋ, ಆಟ ಇಷ್ಟವೋ? ಆಟವೇ ಇಷ್ಟ ಅಂದರೆ ಮಾಡೋ ಕೆಲಸ ಬೇಕಾದಷ್ಟಿದೆ. ಕ್ಲಬ್ಬಿನ ಸ್ಕೋರ್ ಬುಕ್ ಹಿಡೀಲಿ, ಭಾನುವಾರದ ಟೂರ್ನಮೆಂಟ್ ಫಿಕ್ಸ್ಚರ್ ಹಾಕಲಿ, ಗ್ರೌಂಡಿಗೆ ಅನುಮತಿ ತರೋದು ಹೇಗೆ, ಅಂಪೈರಿಗೆ ದುಡ್ಡು ಹೊಂದಿಸೋದು ಹೇಗೆ ಅಂತ ಕಲೀಲಿ. ಕಾನೂನೋ, ಅಕೌಂಟ್ಸೋ, ಎಂಜಿನಿಯರಿಂಗೋ ಕೈಯಲ್ಲಿ ಒಂದು ಡಿಗ್ರಿಯೂ ಇರಲಿ. ಚಿನ್ನಸ್ವಾಮಿಯವರಿಗೆ ವಕೀಲಿಕೆ ಇತ್ತು, ಕುಂಬ್ಳೆ, ಶ್ರೀನಾಥ್‌ಗೆ ಎಂಜಿನಿಯರಿಂಗ್ ಇತ್ತು.

ನಮ್ಮ ಎಕ್ಸೆಲ್ ಹುಡುಗ ಈಗ ಜಯನಗರದ ಒಂದು ಕ್ಲಬ್ಬಿಗೆ ವಾರಕ್ಕೆರಡು ದಿನ ಲೆಕ್ಕ ಬರೆದುಕೊಡ್ತಿದ್ದಾನೆ. ಸಂಬಳ ಇಲ್ಲ, ಮ್ಯಾಚ್ ಮುಗಿದ ಮೇಲೆ ಒಂದು ಮಸಾಲೆ ದೋಸೆ. ಹೋದ ವಾರ ಅಲ್ಲಿನ ಕೋಚ್ ಅವನ ಶೀಟ್ ನೋಡಿ ಓಪನಿಂಗ್ ಬೌಲರ್‌ನ ಬದಲಾಯಿಸಿದರಂತೆ. ಮ್ಯಾಚ್ ಸೋತರು. "ಆದರೂ ಲೆಕ್ಕ ಸರಿ ಇತ್ತು ಅಣ್ಣ, ಕ್ಯಾಚ್ ಬಿಟ್ಟಿದ್ದು ಮೂರು" ಅಂದ.